ಯುಗಾದಿಗೆ ಬಾಲಿ

ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆಯಿಂದ ಬಾಲಿಯ ಡೆನ್‌ಪಸಾರ್‌ಗೆ ಹೊರಡುವವರಿಗೆ ದಾರಿಗಿಂತ ತಿಂಗಳದ್ದೇ ತಲೆನೋವು. ದಾರಿ ಸಲೀಸು: ಚಳ್ಳಕೆರೆ, ಹಿರಿಯೂರು ದಾಟಿ ಬೆಂಗಳೂರು, ಅಲ್ಲಿಂದ 2024ರ ಮಾರ್ಚ್ ಕೊನೆಯಲ್ಲಿ ಇಂಡಿಗೋದ ನೇರ ವಿಮಾನವೂ ಶುರುವಾಯಿತು. ಬಂದಿಳಿದಾಗ ಕೊಡುವ ವೀಸಾಕ್ಕೆ ಐದು ಲಕ್ಷ ಎಂದರೆ ಎದೆ ಹಿಡಿದುಕೊಳ್ಳಬೇಕಿಲ್ಲ. ಅದು ಅಲ್ಲಿನ ರುಪಿಯಾ, ನಮ್ಮ ಮೂರು ಸಾವಿರ ರೂಪಾಯಿಯೊಳಗೇ ಮುಗಿಯುತ್ತದೆ.

ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ಪ್ರವಾಸಿಗರು ಮುಗಿಬೀಳುವುದೂ ಆಗಲೇ. ಆದರೆ ಊರಲ್ಲಿ ಜೂನ್, ಜುಲೈ ಶೇಂಗಾ ಬಿತ್ತನೆಯ ಕಾಲ. ಅದೂ ಅಲ್ಲದೆ, ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಗೇ ಮುಗಿಲು ನೋಡುವ ಸೀಮೆಯವರು ದುಡ್ಡು ಕೊಟ್ಟು ಬಿಸಿಲು ಕಾಯಿಸಿಕೊಳ್ಳುವುದೇ? ಅವರಿಗೆ ಜಡಿಮಳೆಯ ಜನವರಿಯೇ ವಾಸಿ.

ಕೆಲಸ ಬಿಡುವಿರುವ ಮಾರ್ಚ್‌ನಲ್ಲಿ, ಯುಗಾದಿ ರಜೆಗೆ ಹೊರಟವರಿಗೆ ಕಾದಿರುವುದು ‘ನ್ಯೆಪಿ’. ಅದು ಬಾಲಿಯ ಶಕ ವರ್ಷಾರಂಭ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಿದ್ದವು. ಆ ದಿನ ಒಲೆ ಹಚ್ಚುವಂತಿಲ್ಲ, ದೀಪ ಬೆಳಗುವಂತಿಲ್ಲ, ಬೀದಿಗಿಳಿಯುವಂತಿಲ್ಲ. ವಿಮಾನ ನಿಲ್ದಾಣಕ್ಕೂ 24 ಗಂಟೆ ಬೀಗ. ಪ್ರವಾಸಿ ಹೋಟೆಲ್ಲಿನೊಳಗೇ ಬಂದಿ; ಇಣುಕಿದರೆ ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ಒಳಗಟ್ಟುತ್ತಾರೆ. ಬೆಲ್ಲವಿಲ್ಲದ ಬೇವು! ಜಾಣರು ಒಂದು ದಿನ ಮುಂಚೆ ತಲುಪಿ, ಸಂಜೆ ‘ಓಗೊ-ಓಗೊ’ ಎಂಬ ಕೋರೆಹಲ್ಲಿನ ಭೂತಗಳ ಮೆರವಣಿಗೆ ನೋಡಿಕೊಳ್ಳಬೇಕು.

ಊಟಕ್ಕೆ ಚಿಂತೆಯಿಲ್ಲ. ‘ಗಾಡೊ-ಗಾಡೊ’ ಕೇಳಿದರೆ ಬೇಯಿಸಿದ ತರಕಾರಿಯ ಮೇಲೆ ಗೊಜ್ಜು ಸುರಿದು ಕೊಡುತ್ತಾರೆ. ಗೊಜ್ಜು ಶೇಂಗಾದ್ದೇ.