ಹಿತ್ತಿಲ ಗಡ್ಡೆಮೀಮಾಂಸೆ

ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಜ್ಞಾನಕ್ಕೆ ಮೂರು ಪ್ರಮಾಣಗಳುಂಟು. ಬದನೆ, ಬೆಂಡೆ, ಹೀರೆಗಳ ಮಟ್ಟಿಗೆ ಮೊದಲನೆಯದೇ ಧಾರಾಳವಾಯಿತು. ಬಗ್ಗಿ ನೋಡಿದರೆ ಕಾಯಿ ಕಾಣುತ್ತದೆ. ಗಡ್ಡೆಯ ಮಾತು ಹಾಗಲ್ಲ. ಅದು ಮಣ್ಣಿನಡಿ ಇದೆ ಎಂಬುದೇ ಒಂದು ಪೂರ್ವಪಕ್ಷ. ಅಗೆದು ನೋಡಿದರೆ ಬೆಳೆಯುವುದಿಲ್ಲ, ಅಗೆಯದಿದ್ದರೆ ತಿಳಿಯುವುದಿಲ್ಲ. ಗಡ್ಡೆಮೀಮಾಂಸೆಯ ಉಗಮ ಈ ಉಭಯಸಂಕಟದಲ್ಲಿದೆ ಎಂಬುದು ಪ್ರಸ್ತುತ ಪ್ರಬಂಧಕಾರನ ಅಭಿಮತ.

ಅನುಮಾನಪ್ರಮಾಣಕ್ಕೆ ಸುವರ್ಣಗಡ್ಡೆಯೇ ಶ್ರೇಷ್ಠ ನಿದರ್ಶನ. ಹೊಗೆಯಿದ್ದಲ್ಲಿ ಬೆಂಕಿಯೆಂದು ತಾರ್ಕಿಕರು ಹೇಳುವಂತೆ, ಎಲೆ ಹಳದಿಯಾದಲ್ಲಿ ಗಡ್ಡೆ ಬಲಿತಿದೆಯೆಂದು ಹಿತ್ತಿಲಿನವರು ಹೇಳುತ್ತಾರೆ. ಶಿವರಾತ್ರಿ ಕಳೆದು ನೆಟ್ಟದ್ದು ಮಳೆಗಾಲವಿಡೀ ಕೊಡೆ ಬಿಚ್ಚಿ ನಿಂತು, ದೀಪಾವಳಿಯ ಹೊತ್ತಿಗೆ ಸೊರಗಿ ಒರಗುತ್ತದೆ. ಆ ಕೊಡೆಯಿಡೀ ಒಂದೇ ಎಲೆ. ಪಟ್ಟೆ ಪಟ್ಟೆಯ ಕಾಂಡವೆಂದು ನಾವು ಭ್ರಮಿಸಿದ್ದು ಅದರ ತೊಟ್ಟು. ಹಳೆಯ ಗಡ್ಡೆ ಕೆಲವೊಮ್ಮೆ ಎಲೆಗಿಂತ ಮೊದಲು ಹೂವನ್ನೇ ಎತ್ತುತ್ತದೆ. ಕೊಳೆತ ಮಾಂಸದ ನಾತಕ್ಕೆ ಮರುಳಾಗಿ ನೊಣ, ದುಂಬಿಗಳು ಬರುತ್ತವೆ, ಮನೆಯವರು ಅಟ್ಟ ಹತ್ತಿ ಸತ್ತ ಇಲಿ ಹುಡುಕುತ್ತಾರೆ.

ಮಲೆನಾಡಿನಲ್ಲಿ ಈ ಶಾಸ್ತ್ರದ ಉತ್ಖನನ ವಿಭಾಗವು ಕಾಡುಹಂದಿಗಳ ಅಧೀನದಲ್ಲಿದೆ. ಅವು ಅನುಮತಿ ಕೇಳುವುದಿಲ್ಲ, ವರದಿ ಒಪ್ಪಿಸುವುದಿಲ್ಲ, ಕೆಲಸವೆಲ್ಲ ರಾತ್ರಿಪಾಳಿಯದು. ಆದರೆ ಕಾಲನಿರ್ಣಯದಲ್ಲಿ ಅವುಗಳನ್ನು ಮೀರಿಸಿದ ವಿದ್ವಾಂಸರಿಲ್ಲ. ನಾಳೆ ಕೀಳೋಣವೆಂದು ನಾವು ಬಿಟ್ಟ ಮರಗೆಣಸು ಇವತ್ತು ಬೆಳಗಿನ ಜಾವಕ್ಕೇ ಕಿತ್ತಾಗಿರುತ್ತದೆ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಅರ್ಥಾತ್ ಅಜ್ಜಿ. ಕೆಸು, ಸುವರ್ಣಗಡ್ಡೆಗಳ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಎಂದು ವಿಜ್ಞಾನ ಹೇಳುತ್ತದೆ. ಅಜ್ಜಿ ಅದನ್ನು ಅಲ್ಲಗಳೆಯುವುದಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಹೋಳು ಮಾಡುತ್ತಾಳೆ, ಅಷ್ಟೆ. ಮುಂದಿನದು ಹುಳಿಯ ಪ್ರಶ್ನೆ. ಇಲ್ಲಿ ಹುಣಸೆಪಂಥಕ್ಕೂ ಅಮಟೆಪಂಥಕ್ಕೂ ತೀವ್ರ ಭಿನ್ನಾಭಿಪ್ರಾಯ. ಹುಳಿ ಹಾಕುವುದೇ ಬೇಡ, ಚೆನ್ನಾಗಿ ಬೇಯಿಸಿದರೆ ಸಾಕು ಎಂಬ ನಾಸ್ತಿಕರೂ ಇದ್ದಾರೆ. ಅವರ ವಾದ ಊಟದ ಎಲೆಯ ಮುಂದೆ ಎರಡನೇ ತುತ್ತಿಗೆ ನಿಂತುಹೋಗುತ್ತದೆ, ಗಂಟಲು ಹಿಡಿದಿರುತ್ತದೆ.

ವರ್ಗೀಕರಣದ ಗೊಂದಲ ಇನ್ನೂ ದೊಡ್ಡದು. ಸಸ್ಯಶಾಸ್ತ್ರದ ಪ್ರಕಾರ ಆಲೂಗಡ್ಡೆ ಕಾಂಡ, ಅದರ ಕಣ್ಣುಗಳು ಮೊಗ್ಗು, ಸಿಹಿಗೆಣಸು ಬೇರು. ಉಪವಾಸದ ದಿನ ಎರಡೂ ಫಲಾಹಾರ. ಕಾಂಡ, ಬೇರುಗಳನ್ನು ಒಂದೇ ರಾತ್ರಿಯಲ್ಲಿ ಹಣ್ಣಾಗಿಸುವ ತಪೋಬಲ ಶಿವರಾತ್ರಿಗಿದೆ. ಶ್ರಾದ್ಧದ ಅಡುಗೆಯಲ್ಲಿ ಮಾತ್ರ ಈ ಔದಾರ್ಯವಿಲ್ಲ. ಸುವರ್ಣಗಡ್ಡೆ ನೇರ ಒಳಗೆ ಬರುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಹೊರಟು ಪೋರ್ಚುಗೀಸರ ಹಡಗು ಹಿಡಿದು 17ನೇ ಶತಮಾನದ ಹೊತ್ತಿಗೇ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿದ ಆಲೂಗಡ್ಡೆ ಇನ್ನೂ ಹೊರಗಿನವನೇ. ಮಸಾಲೆದೋಸೆಯ ಗರ್ಭಗುಡಿಯಲ್ಲಿ ಪ್ರತಿಷ್ಠಾಪನೆಗೊಂಡರೂ ಪಿತೃಗಳು ಒಪ್ಪಿಲ್ಲ.

ಕಡೆಯದಾಗಿ ಬೆಂಗಳೂರಿನ ತಾರಸಿಶಾಖೆ. ಅಡುಗೆಮನೆಯ ಮೂಲೆಯಲ್ಲಿ ಮೊಳಕೆಯೊಡೆದ ಆಲೂಗಡ್ಡೆಯನ್ನು, ತುಂಡಿಗೆ ಎರಡು ಕಣ್ಣಾದರೂ ಇರುವಂತೆ ಕತ್ತರಿಸಿ, ಗಾಯ ಒಣಗಿಸಿ, ಮಣ್ಣಿನ ಚೀಲದಲ್ಲಿ ಹೂಳುವುದು ಇದರ ಕರ್ಮಭಾಗ. ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣೇರಿಸಬೇಕು. ಬಿಸಿಲು ಕಂಡ ಗಡ್ಡೆ ಹಸಿರಾಗಿ ಸೊಲನೈನ್ ಎಂಬ ವಿಷ ಕೂಡಿಸಿಕೊಳ್ಳುತ್ತದೆ. ಅದು ತಿನ್ನಲು ಬಾರದು. ರಾತ್ರಿ 20 ಡಿಗ್ರಿಗಿಂತ ತಂಪಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ, ಸೆಕೆಯಾದರೆ ಬರೀ ಸೊಪ್ಪು. ಮುಂಗಾರಿನಲ್ಲಿ ಹಾಸನದ ಹೊಲಗಳಿಗೆ ಒಲಿಯುವುದು ಕಾದ ತಾರಸಿಗೆ ಒಲಿಯುವುದು ಕಷ್ಟ. ಆದರೂ ಚೀಲ ಸುರಿಯುವ ದಿನ ಮನೆಮಂದಿಯೆಲ್ಲ ಸುತ್ತ ನೆರೆದಿರುತ್ತಾರೆ, ಮಣ್ಣು ಕೆದಕಿ ಗೋಲಿಗಾತ್ರದವನ್ನೂ ಬಿಡದೆ ಆರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಪುರಾತತ್ವದವರು ಸಿಕ್ಕ ವಸ್ತುವಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವುದುಂಟು. ತಾರಸಿಶಾಖೆಯಲ್ಲಿ ಅದನ್ನು ಅಶಿಷ್ಟವೆಂದು ಪರಿಗಣಿಸಲಾಗಿದೆ.