ತಾರಸಿಗೆ ಬಾಲ

ಪ್ರೊಜೆಕ್ಟರ್ ತೂಗುಹಾಕುವ ಆಸೆ ನನಗೆ ಹುಟ್ಟಿದ್ದು ಮನೆಗೆ ಪೇಂಟ್ ಹೊಡೆದ ಮಾರನೇ ದಿನ. ಎಲೆಕ್ಟ್ರಿಷಿಯನ್ ತಾರಸಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸ್ಲ್ಯಾಬ್ ಹಾಕೋಕೆ ಮುಂಚೆ ಹೇಳ್ಬಾರ್ದಿತ್ತಾ ಸಾರ್?" ಅಂದ.

ಪರದೆಗೆ 3 ಮೀಟರ್ ದೂರ, ಹಾಗಾಗಿ 3 ಮೀಟರ್ ವೈರು ಎಂಬುದು ನನ್ನ ಲೆಕ್ಕ. ಅದು ಕಾಗೆ ಹಾರುವ ಲೆಕ್ಕ. ವೈರು ಸೀಲಿಂಗ್ ಸುತ್ತಿ, ಗೋಡೆ ಇಳಿದು, ಟಿವಿ ಸ್ಟ್ಯಾಂಡ್ ತಲುಪುವಷ್ಟರಲ್ಲಿ 12 ಮೀಟರ್ ನುಂಗಿತ್ತು. ಅಷ್ಟುದ್ದಕ್ಕೆ 4ಕೆ ಚಿತ್ರ ಹೊರಲು ತಾಮ್ರದ ಎಚ್‌ಡಿಎಂಐ ಏದುಸಿರು ಬಿಡುತ್ತದಂತೆ; ಅದಕ್ಕೇ ಆಪ್ಟಿಕಲ್ ಎಚ್‌ಡಿಎಂಐ ವೈರು ತಂದೆ. ಮುಕ್ಕಾಲು ಇಂಚಿನ ಪೈಪಿನ ತಿರುವಿನಲ್ಲಿ ಅದರ ತಲೆ ಸಿಕ್ಕಿಕೊಂಡು, ಹೆರಿಗೆ ಕಷ್ಟವಾಯಿತು. ಪೈಪನ್ನೇ ಒಂದೂವರೆ ಇಂಚಿನದು ಮಾಡಿದೆವು. ಕರೆಂಟಿನ ವೈರಿಗೆ ಬೇರೆ ಪೈಪು: ಅತ್ತೆ-ಸೊಸೆಗೆ ಬೇರೆ ಅಡುಗೆಮನೆ ಇದ್ದಂತೆ.

ಸ್ವಿಚ್ ಒತ್ತಿದರೆ ಬರೀ ನೀಲಿ ಪರದೆ. ಆಪ್ಟಿಕಲ್ ವೈರು ಏಕಮುಖ ಸಂಚಾರದ್ದು. ಟಿವಿ ಸ್ಟ್ಯಾಂಡ್ ಕಡೆ ಇರಬೇಕಿದ್ದ, 'ಸೋರ್ಸ್' ಎಂದು ಬರೆದಿದ್ದ ತುದಿ ಸೀಲಿಂಗಿನಲ್ಲಿ ನೇತಾಡುತ್ತಾ ನನ್ನನ್ನೇ ನೋಡುತ್ತಿತ್ತು!

ಪೂರ್ತಿ ಎಳೆದು ತಿರುಗಿಸಿ ಹಾಕಿದ್ದಾಯಿತು. ಮುಂದಿನ ವೈರು ಎಳೆಯಲೆಂದು ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿದ್ದೇವೆ. ಅದರ ತುದಿಗೆ ಹೆಂಡತಿ ಈಗ ಕ್ಯಾಲೆಂಡರ್ ನೇತುಹಾಕಿದ್ದಾಳೆ.