ಚಾಕೊಲೇಟ್ ಕೊಟ್ಟವರು ಯಾರು?

ಮಕ್ಕಳ ರಕ್ಷಣೆ ಎಂದರೆ ನಮ್ಮವರ ಚುರುಕೇ ಚುರುಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನೋಡಿದೆವಲ್ಲ. ಹೈದರಾಬಾದಿನ ಕಡೆಯಿಂದ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದಿತು ವಾಟ್ಸ್‌ಆ್ಯಪ್. ಜನ ಮುಗಿಬಿದ್ದರು, ಒಬ್ಬ ಎಂಜಿನಿಯರ್ ಹೆಣವಾದ. ಅದಕ್ಕೆ ಎರಡು ತಿಂಗಳ ಮುಂಚೆ ಇದೇ ಗುಮಾನಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಬಲಿ ತೆಗೆದುಕೊಂಡಿತ್ತು. ‘ಸಾಕ್ಷಿ ಎಲ್ಲಿದೆ, ಪಾಪ, ಅವನಿಗೂ ಹೆಂಡತಿ ಮಕ್ಕಳಿದ್ದಾರು’ ಎನ್ನುವಷ್ಟು ವ್ಯವಧಾನ ಗುಂಪಿಗಿರಲಿಲ್ಲ.

ಆ ವ್ಯವಧಾನವನ್ನೆಲ್ಲ ಮನೆಯವರಿಗೆಂದು ಎತ್ತಿಟ್ಟಿದ್ದೇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎಂದು ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತಲೇ ಇದೆ. ಗೊತ್ತಿದ್ದವರ ಮೇಲೆ ದೂರು ಕೊಡುವುದುಂಟೆ? ಸಭೆ ಕರೆಯುತ್ತೇವೆ.

ನಡುಮನೆಯಲ್ಲಿ ದೊಡ್ಡಪ್ಪನಿಗೆ ಕೈಯಿರುವ ಕುರ್ಚಿ. ಮಗುವಿನ ತಾಯಿಗೆ ಅಡುಗೆಮನೆಯ ಹೊಸ್ತಿಲು. ಮೊದಲ ಲೋಟ ಕಾಫಿ ದೊಡ್ಡಪ್ಪನಿಗೇ, ಸಕ್ಕರೆ ಕಮ್ಮಿ, ಪಾಪ ಬೇಜಾರಲ್ಲಿದ್ದಾರೆ. ‘ಕನಸು ಬಿದ್ದಿರ್ಬೇಕು ಅಲ್ವೇನೇ ಪುಟ್ಟಿ?’ ಎನ್ನುತ್ತಾರೆ ಅತ್ತೆ. ‘ಮೊಬೈಲ್ ನೋಡಿ ನೋಡಿ ಹಿಂಗಾಗಿದೆ’ ಎನ್ನುತ್ತಾನೆ ಚಿಕ್ಕಪ್ಪ. ಪುಟ್ಟಿ ಇನ್ನೊಂದು ಸಲ ಮೊದಲಿಂದ ಹೇಳಬೇಕು, ಸೋದರಮಾವ ತಡವಾಗಿ ಬಂದರಲ್ಲ.

ನಾವೇನೂ ಕಾನೂನು ಮೀರಿದವರಲ್ಲ. ಹೇಳಿಕೆ ಪಡೆಯುವವರು ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ನಮ್ಮ ಸಭೆಯಲ್ಲೂ ಯಾರೂ ಖಾಕಿ ಹಾಕಿರುವುದಿಲ್ಲ, ಇಸ್ತ್ರಿ ಮಾಡಿದ ಪಂಚೆಯಲ್ಲೇ ಇರುತ್ತಾರೆ. ಗುರುತು ಗುಟ್ಟಾಗಿರಬೇಕಂತೆ. ಅದೂ ಆಯಿತು: ಮಗುವಿನ ಹೆಸರು ಕೇರಿಗೆಲ್ಲ ಗೊತ್ತು, ದೊಡ್ಡಪ್ಪನ ಹೆಸರು ಯಾರ ಬಾಯಿಂದಲೂ ಹೊರಡುವುದಿಲ್ಲ.

ಒಂದು ಕಡೆ ಮಾತ್ರ ತೊಡಕು. 19ನೇ ಕಲಮು, ಇಂಥದ್ದು ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು, ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ಸಾಕ್ಷಿ ಹುಡುಕುವ ಕೆಲಸವನ್ನು ತಿಳಿಸಿದವರ ತಲೆಗೆ ಕಟ್ಟುವುದಿಲ್ಲ. ಸದುದ್ದೇಶದಿಂದ ಹೇಳಿದವರ ಮೇಲೆ ಕೇಸೂ ಇಲ್ಲ. ಸುಮ್ಮನಿದ್ದವರಿಗೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಅಂದರೆ ಆ ದಿನ ನಡುಮನೆಯಲ್ಲಿ ಕಾಫಿ ಕುಡಿದವರೆಲ್ಲ ಅರ್ಹರು. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಆದರೂ ಜೂನ್‌ನಲ್ಲಿ ಅಡ್ಮಿಷನ್ ಇರುವಾಗ ಯಾವ ಶಾಲೆಯ ಆಡಳಿತ ಮಂಡಳಿ ಠಾಣೆಯ ಮೆಟ್ಟಿಲು ಹತ್ತೀತು? ಮೇಷ್ಟ್ರಿಂದ ರಾಜೀನಾಮೆ ಬರೆಸಿಕೊಂಡು, ಒಳ್ಳೆಯ ನಡತೆಯ ಪ್ರಮಾಣಪತ್ರ ಕೈಗಿಟ್ಟು ಕಳಿಸಿದರಾಯಿತು. ಪಕ್ಕದ ತಾಲ್ಲೂಕಿನ ಶಾಲೆಯಲ್ಲೂ ಮಕ್ಕಳಿರುತ್ತಾರೆ ಎಂಬುದು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.

1098 ಎಂಬ ಮಕ್ಕಳ ಸಹಾಯವಾಣಿಯ ನಂಬರು ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿದೆ. ಪುಟ್ಟಿಗೆ ಬಾಯಿಪಾಠ. ಫೋನು ಮಾತ್ರ ಸಭೆಯ ತೀರ್ಮಾನದಂತೆ ಅತ್ತೆಯ ಬೀರುವಿನಲ್ಲಿದೆ, ಮೊಬೈಲ್‌ನಿಂದಲೇ ಅಲ್ಲವೆ ಹುಡುಗಿ ಕೆಟ್ಟದ್ದು. ಇನ್ನೊಂದು ತೀರ್ಮಾನವೂ ಆಯಿತು: ಮುಂದಿನ ತಿಂಗಳು ದೊಡ್ಡಪ್ಪನ ಮಗಳ ಮದುವೆಗೆ ಪುಟ್ಟಿ ಹೋಗಲೇಬೇಕು. ಹೋಗದಿದ್ದರೆ ನಾಲ್ಕು ಜನಕ್ಕೆ ಅನುಮಾನ ಬರುತ್ತದೆ.